ಆಡಾಸಿಟಿ: 6 ಗಂಟೆಯ ತಾಳಮದ್ದಳೆ ಪ್ರಾಜೆಕ್ಟ್ 39 ಜಿಬಿ ಆಗಿದೆ, ಇಳಿಸೋದು ಹೇಗೆ?

ಹಿಮ್ಮೇಳ_ಪ್ರಿಯ

ಎಲ್ಲರಿಗೂ ನಮಸ್ಕಾರ. ಆಡಾಸಿಟಿ (ಧ್ವನಿ ಎಡಿಟ್ ಮಾಡುವ ಪ್ರೋಗ್ರಾಂ) 3.7, ವಿಂಡೋಸ್ 11, 256 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್. ಸಿ ಡ್ರೈವಿನಲ್ಲಿ ಈಗ ಉಳಿದಿರುವುದು 14 ಜಿಬಿ.

ಕೆಲಸ ನಡೆಯುತ್ತಿರುವುದು ಒಂದು ರಾತ್ರಿಯ ತಾಳಮದ್ದಳೆ ರೆಕಾರ್ಡಿಂಗ್ ಮೇಲೆ. ಒಟ್ಟು 6 ಗಂಟೆ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ವೇವ್. ರೆಕಾರ್ಡರ್ 2 ಜಿಬಿ ತುಂಬಿದಾಗಲೆಲ್ಲ ಹೊಸ ಫೈಲ್ ಶುರು ಮಾಡುತ್ತದೆ, ಹಾಗಾಗಿ ಮೂರು ಫೈಲುಗಳು, ಎಲ್ಲ ಸೇರಿ 5.8 ಜಿಬಿ. ಮೂರನ್ನೂ ಇಂಪೋರ್ಟ್ ಮಾಡಿ, ಒಂದರ ಹಿಂದೊಂದು ಜೋಡಿಸಿ, ಪೂರ್ತಿ ಸೆಲೆಕ್ಟ್ ಮಾಡಿ ಈ ಕ್ರಮದಲ್ಲಿ ಎಫೆಕ್ಟ್ ಹಾಕಿದ್ದೇನೆ: ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ತಗ್ಗಿಸಲು), ಹೈಪಾಸ್ ಫಿಲ್ಟರ್ (ತೀರಾ ತಗ್ಗು ಸ್ವರದ ಗುಂಯ್‌ಗುಡುವಿಕೆ ತೆಗೆಯಲು), ಕಂಪ್ರೆಸರ್ (ಜೋರು-ಮೆಲು ದನಿಗಳ ಅಂತರ ತಗ್ಗಿಸಲು), ನಾರ್ಮಲೈಸ್ (ಒಟ್ಟು ಮಟ್ಟ ಸರಿಹೊಂದಿಸಲು). ಆಮೇಲೆ ಮಧ್ಯದ ಬಿಡುವಿನ 40 ನಿಮಿಷ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ್ದೇನೆ. ಈಗ ಎಯುಪಿ3 ಫೈಲ್ (ಆಡಾಸಿಟಿಯ ಪ್ರಾಜೆಕ್ಟ್ ಫೈಲ್) 39 ಜಿಬಿ ತೋರಿಸುತ್ತಿದೆ. ಎಷ್ಟು ಸಲ ಸೇವ್ ಮಾಡಿದರೂ ಇಳಿಯುತ್ತಿಲ್ಲ.

ಇನ್ನೆರಡು ಪ್ರಶ್ನೆ. ಅದೇ ಫೋಲ್ಡರಿನಲ್ಲಿ ಪ್ರಾಜೆಕ್ಟಿನದೇ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಡಬ್ಲ್ಯುಎಎಲ್ ಅಂತ ಸೇರಿರುವ ಇನ್ನೊಂದು ಫೈಲ್ ಇದೆ, ಅದೂ ದೊಡ್ಡದೇ. ಜಾಗಕ್ಕಾಗಿ ಅದನ್ನು ಅಳಿಸಬಹುದೇ? ಮತ್ತೆ, ಬೇರೊಂದು 9 ಜಿಬಿ ಪ್ರಾಜೆಕ್ಟನ್ನು ಖಾಲಿ ಇರುವ 32 ಜಿಬಿ ಪೆನ್‌ಡ್ರೈವಿಗೆ ಕಾಪಿ ಮಾಡಲು ಹೋದರೆ ಫೈಲ್ ತುಂಬಾ ದೊಡ್ಡದು ಎಂದು ವಿಂಡೋಸ್ ನಿಲ್ಲಿಸಿಬಿಡುತ್ತದೆ. ಯಾಕೆ?

---

ಮಂದ್ರಸ್ಥಾಯಿ

ಮೊದಲು ತುರ್ತಿನದ್ದು: ಆ ಡಬ್ಲ್ಯುಎಎಲ್ ಫೈಲನ್ನು ದಯವಿಟ್ಟು ಮುಟ್ಟಬೇಡಿ.

ಆಡಾಸಿಟಿ 3.0 ಬಂದಾಗಿನಿಂದ (2021ರ ಮಾರ್ಚ್) ಪ್ರಾಜೆಕ್ಟ್ ಅಂದರೆ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್, ಅಂದರೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುವ ವ್ಯವಸ್ಥೆ. ಹೊಸದಾಗಿ ಬರೆದದ್ದು ನೇರವಾಗಿ ಎಯುಪಿ3 ಒಳಗೆ ಹೋಗುವುದಿಲ್ಲ, ಮೊದಲು ಆ ಪಕ್ಕದ ಫೈಲಿಗೆ ಬಿದ್ದು ಆಮೇಲೆ ಒಳಗೆ ಸೇರಿಕೊಳ್ಳುತ್ತದೆ. ಪ್ರಾಜೆಕ್ಟ್ ತೆರೆದಿರುವಾಗ ಅಥವಾ ಕ್ರ್ಯಾಶ್ ಆದ ಮೇಲೆ ಅದನ್ನು ಅಳಿಸಿದರೆ ಇತ್ತೀಚಿನ ಕೆಲಸವೆಲ್ಲ ಅದರ ಜೊತೆಗೇ ಹೋಗುತ್ತದೆ, ಕೆಲವೊಮ್ಮೆ ಪ್ರಾಜೆಕ್ಟೇ ತೆರೆಯದಂತಾಗುತ್ತದೆ. ಸರಿಯಾಗಿ ಕ್ಲೋಸ್ ಮಾಡಿದರೆ ಅದು ತಾನಾಗಿಯೇ ಮಾಯವಾಗುತ್ತದೆ. ಕ್ರ್ಯಾಶ್ ಆಗಿದ್ದರೆ ಎರಡನ್ನೂ ಒಂದೇ ಫೋಲ್ಡರಿನಲ್ಲಿ, ಹೆಸರು ಬದಲಿಸದೆ ಇಟ್ಟು, ಪ್ರಾಜೆಕ್ಟ್ ತೆರೆಯಿರಿ.

ಇದೇ ಕಾರಣಕ್ಕೆ ಕೆಲಸ ನಡೆಯುತ್ತಿರುವ ಪ್ರಾಜೆಕ್ಟನ್ನು ಗೂಗಲ್ ಡ್ರೈವ್, ಒನ್‌ಡ್ರೈವ್ ಥರದ ಸಿಂಕ್ ಫೋಲ್ಡರಿನಲ್ಲಿ ಇಡಬಾರದು. ಸಿಂಕ್ ಪ್ರೋಗ್ರಾಂ ಒಂದು ಫೈಲನ್ನು ಒಂದು ಹೊತ್ತಿನಲ್ಲಿ, ಇನ್ನೊಂದನ್ನು ಇನ್ನೊಂದು ಹೊತ್ತಿನಲ್ಲಿ ಎತ್ತಿಕೊಳ್ಳುತ್ತದೆ. ಕ್ಲೌಡ್‌ನಲ್ಲಿ ಕೂತ ಎರಡು ಫೈಲುಗಳು ಒಂದಕ್ಕೊಂದು ಹೊಂದುವುದಿಲ್ಲ. ಕಾಪಿ ಮಾಡುವುದು ಏನಿದ್ದರೂ ಪ್ರಾಜೆಕ್ಟ್ ಕ್ಲೋಸ್ ಮಾಡಿದ ನಂತರ.

ಪೆನ್‌ಡ್ರೈವ್ ವಿಷಯ: 32 ಜಿಬಿಯವು ಸಾಮಾನ್ಯವಾಗಿ ಎಫ್‌ಎಟಿ32 ಫಾರ್ಮ್ಯಾಟಿನಲ್ಲಿ ಬರುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಡ್ರೈವಿನಲ್ಲಿ ಎಷ್ಟೇ ಜಾಗ ಖಾಲಿ ಇರಲಿ. ಒಳಗಿರುವುದನ್ನು ಬೇರೆ ಕಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಮ್ಯಾಕ್ ಇರುವವರಿಗೂ ಅದನ್ನು ಓದಲು, ಬರೆಯಲು ಬರುತ್ತದೆ.

---

ಸ್ಪೂಲ್‌ಟೇಪ್

39 ಜಿಬಿಗೆ ಲೆಕ್ಕ ಕೂಡಿಬರುತ್ತದೆ, ನೋಡಿ.

ಆಡಾಸಿಟಿ ತನ್ನ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಎಲ್ಲವನ್ನೂ 32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ ಇಟ್ಟುಕೊಳ್ಳುತ್ತದೆ. ನಿಮ್ಮ ವೇವ್‌ನಲ್ಲಿ ಒಂದು ಸ್ಯಾಂಪಲ್‌ಗೆ 3 ಬೈಟ್, ಪ್ರಾಜೆಕ್ಟಿನಲ್ಲಿ 4 ಬೈಟ್. 5.8 ಜಿಬಿ ಇದ್ದದ್ದು ಇಂಪೋರ್ಟ್ ಆಗುತ್ತಲೇ 7.7 ಜಿಬಿ. ಇದರ ಮೇಲೆ ತೆರೆಯಲ್ಲಿ ಅಲೆ ಚಿತ್ರ ಬೇಗ ಮೂಡಲೆಂದು ಪ್ರತಿ 256 ಸ್ಯಾಂಪಲ್‌ಗೆ ಕನಿಷ್ಠ, ಗರಿಷ್ಠ, ಆರ್‌ಎಂಎಸ್ (ಒಂದು ಬಗೆಯ ಸರಾಸರಿ ಮಟ್ಟ) ಎಂದು ಮೂರು ಸಂಖ್ಯೆ ಬರೆದಿಡುತ್ತದೆ. 1,024 ಬೈಟ್ ಧ್ವನಿಗೆ 12 ಬೈಟ್, ಶೇಕಡಾ 1.2ರಷ್ಟು. ಅಲ್ಲಿಗೆ 7.8 ಜಿಬಿ.

ಇನ್ನು ಎಫೆಕ್ಟ್‌ಗಳು. ಪೂರ್ತಿ ಟ್ರ್ಯಾಕಿಗೆ ಒಂದು ಎಫೆಕ್ಟ್ ಹಾಕಿದರೆ ಹಳೆಯ ಧ್ವನಿಯನ್ನು ಅಳಿಸುವುದಿಲ್ಲ. ಅನ್‌ಡೂ ಮಾಡಲು ಬೇಕಲ್ಲ. ಹೊಸ ಪ್ರತಿಯೊಂದು ಪೂರ್ತಿಯಾಗಿ ಪಕ್ಕದಲ್ಲಿ ಸೇರುತ್ತದೆ. ಇಂಪೋರ್ಟ್ ಒಂದು, ಎಫೆಕ್ಟ್ ನಾಲ್ಕು: 7.8 ಇಂಟು 5, 39. ನೀವು 40 ನಿಮಿಷ ಡಿಲೀಟ್ ಮಾಡಿದ್ದು ಈಗಿನ ಸ್ಥಿತಿಯಿಂದ ಮಾತ್ರ ಹೋಗಿದೆ, ಹಿಂದಿನ ಐದೂ ಸ್ಥಿತಿಗಳಲ್ಲಿ ಹಾಗೇ ಕೂತಿದೆ. ಸೇವ್ ಮಾಡಿದರೂ ಅನ್‌ಡೂ ಇತಿಹಾಸ ಹೋಗುವುದಿಲ್ಲ, ಆದ್ದರಿಂದ ಗಾತ್ರ ಇಳಿಯುವುದಿಲ್ಲ. ಇತಿಹಾಸ ಬಿಟ್ಟುಹೋಗುವುದು ಪ್ರಾಜೆಕ್ಟ್ ಕ್ಲೋಸ್ ಮಾಡಿದಾಗ. ಲ್ಯಾಪ್‌ಟಾಪ್ ಮುಚ್ಚಿ ಸ್ಲೀಪ್‌ಗೆ ಹಾಕುತ್ತಾ ವಾರಗಟ್ಟಲೆ ಅದೇ ಕಿಟಕಿ ತೆರೆದಿಟ್ಟರೆ ಅದು ಬೆಳೆಯುತ್ತಲೇ ಹೋಗುತ್ತದೆ.

ಈಗ ಮಾಡಬೇಕಾದದ್ದು. ವ್ಯೂ ಮೆನುವಿನಲ್ಲಿ ಹಿಸ್ಟರಿ ತೆರೆಯಿರಿ. ಪ್ರತಿ ಹೆಜ್ಜೆಯ ಎದುರು ಅದು ಹಿಡಿದಿರುವ ಜಾಗ ಕಾಣುತ್ತದೆ. ನಾಯ್ಸ್ ರಿಡಕ್ಷನ್, ಕಂಪ್ರೆಸರ್ ಎದುರಿನ ಅಂಕಿ ನೋಡಿದರೆ ನಾನು ಹೇಳಿದ್ದು ಅಲ್ಲೇ ಖಚಿತವಾಗುತ್ತದೆ. ಕಾಪಿ ಮಾಡಿ ಕ್ಲಿಪ್‌ಬೋರ್ಡಿನಲ್ಲಿ ಉಳಿದ ಧ್ವನಿ ಎಷ್ಟಿದೆ ಅನ್ನುವುದೂ ಅಲ್ಲೇ ಕೆಳಗಿದೆ, ಅದಕ್ಕೂ ಡಿಸ್ಕಾರ್ಡ್ ಬಟನ್ ಇದೆ. ಈಗಿನ ಫಲಿತಾಂಶವನ್ನು ಪೂರ್ತಿ ಕೇಳಿ ಒಪ್ಪಿಗೆಯಾಗಿದ್ದರೆ ಮಾತ್ರ ಮುಂದುವರಿಯಿರಿ, ಕಂಪ್ರೆಸರ್ ಜಾಸ್ತಿಯಾಯಿತು ಅಂತ ಆಮೇಲೆ ಅನ್ನಿಸಿದರೆ ಹಿಂದಕ್ಕೆ ಹೋಗಲು ದಾರಿ ಇರುವುದಿಲ್ಲ. ಸೇವ್ ಮಾಡಿ, ಫೈಲ್ ಮೆನುವಿನಿಂದ ಕ್ಲೋಸ್ ಕೊಡಿ. ಆಗ ಪ್ರಾಜೆಕ್ಟನ್ನು ಕಂಪ್ಯಾಕ್ಟ್ ಮಾಡುತ್ತದೆ, ಅಂದರೆ ಬೇಕಾದದ್ದನ್ನಷ್ಟೇ ಹೊಸ ಫೈಲಿಗೆ ಬರೆದು ಹಳೆಯದನ್ನು ತೆಗೆದುಹಾಕುತ್ತದೆ. ಈ ಹೊಸ ಫೈಲಿಗೆ ಅದೇ ಡಿಸ್ಕಿನಲ್ಲಿ ಜಾಗ ಬೇಕು. ನಿಮಗೆ 5 ಗಂಟೆ 20 ನಿಮಿಷಕ್ಕೆ ಸುಮಾರು 7 ಜಿಬಿ, ಇರುವ 14ರಲ್ಲಿ ಸಾಕಾಗುತ್ತದೆ. ಇನ್ನೂ ಒಂದು ಎಫೆಕ್ಟ್ ಹಾಕಿದ್ದರೆ ಸಾಲುತ್ತಿರಲಿಲ್ಲ. ಈ ಹಂತ ಹಲವು ನಿಮಿಷ ಹಿಡಿಯಬಹುದು, ಹಾರ್ಡ್‌ಡಿಸ್ಕ್ ಆದರೆ ಇನ್ನೂ ಹೆಚ್ಚು. ಕಿಟಕಿ ಅಲ್ಲಾಡುತ್ತಿಲ್ಲ ಅಂತ ಟಾಸ್ಕ್ ಮ್ಯಾನೇಜರಿನಿಂದ ಕೊಲ್ಲಬೇಡಿ, ಕರೆಂಟ್ ಹೋಗುವ ಊರಾದರೆ ಬ್ಯಾಟರಿ ತುಂಬಿರುವಾಗ ಮಾಡಿ.

ಸಿ ಡ್ರೈವಿನಲ್ಲಿ ಅಷ್ಟೂ ಜಾಗ ಇಲ್ಲದವರು ಫೈಲ್ > ಸೇವ್ ಪ್ರಾಜೆಕ್ಟ್ > ಬ್ಯಾಕಪ್ ಪ್ರಾಜೆಕ್ಟ್ ಕೊಟ್ಟು ಹೊರಗಿನ ಡಿಸ್ಕ್ ತೋರಿಸಿ. ಅನ್‌ಡೂ ಇತಿಹಾಸವಿಲ್ಲದ ಚಿಕ್ಕ ಪ್ರತಿ ಅಲ್ಲಿ ಸಿಗುತ್ತದೆ. ಅದನ್ನು ತೆರೆದು ನೋಡಿ, ಸರಿ ಇದ್ದರೆ ಹಳೆಯದನ್ನು ಅಳಿಸಿ.

ಹಿಸ್ಟರಿಯಲ್ಲಿ ಹಳೆಯ ಹಂತಗಳನ್ನು ಡಿಸ್ಕಾರ್ಡ್ ಮಾಡಿದ ಕೂಡಲೇ ಎಕ್ಸ್‌ಪ್ಲೋರರಿನಲ್ಲಿ ಗಾತ್ರ ಇಳಿಯದಿದ್ದರೆ ಗಾಬರಿಯಾಗಬೇಡಿ. ಡೇಟಾಬೇಸಿನ ಒಳಗೆ ಜಾಗ ತೆರವಾಗಿರುತ್ತದೆ, ಮುಂದಿನ ಎಫೆಕ್ಟ್ ಅಲ್ಲೇ ತುಂಬಿಕೊಳ್ಳುತ್ತದೆ.

---

ಕರಾವಳಿ_ಆಡಿಯೋ

ಮೇಲಿನದ್ದು ಸರಿ. ನನ್ನ ಕಡೆಯಿಂದ ಎರಡು ಸೇರಿಸುತ್ತೇನೆ.

ಒಂದು, ಸ್ಟೀರಿಯೋ ನಿಜವಾಗಿಯೂ ಸ್ಟೀರಿಯೋನಾ ಅಂತ ನೋಡಿ. ರೆಕಾರ್ಡರಿನದೇ ಎರಡು ಮೈಕ್ ಬಳಸಿದ್ದರೆ ಹೌದು. ಸೌಂಡ್‌ನವರ ಮಿಕ್ಸರಿನಿಂದ ಲೈನ್ ತೆಗೆದುಕೊಂಡಿದ್ದರೆ ಬಹಳ ಸಲ ಎರಡೂ ಚಾನೆಲ್‌ನಲ್ಲಿ ಒಂದೇ ಇರುತ್ತದೆ. ಪರೀಕ್ಷೆ ಸುಲಭ. ಚೆಂಡೆ, ಪದ ಎರಡೂ ಇರುವ ಕಡೆ ಅರ್ಧ ನಿಮಿಷ ಸೆಲೆಕ್ಟ್ ಮಾಡಿ ಕಂಟ್ರೋಲ್+ಡಿ ಒತ್ತಿ, ಹೊಸ ಟ್ರ್ಯಾಕಿಗೆ ಹೋಗುತ್ತದೆ. ಆ ಟ್ರ್ಯಾಕಿನ ಮೆನುವಿನಲ್ಲಿ ಸ್ಪ್ಲಿಟ್ ಸ್ಟೀರಿಯೋ ಟು ಮೋನೋ. ಎರಡರಲ್ಲಿ ಒಂದಕ್ಕೆ ಇನ್ವರ್ಟ್ ಎಫೆಕ್ಟ್ ಹಾಕಿ. ಉಳಿದ ಟ್ರ್ಯಾಕ್ ಮ್ಯೂಟ್ ಮಾಡಿ ಈ ಎರಡನ್ನು ಒಟ್ಟಿಗೆ ಕೇಳಿ. ಪೂರ್ತಿ ನಿಶ್ಶಬ್ದವಾದರೆ ಎರಡೂ ಒಂದೇ, ಒಂದನ್ನು ಇಟ್ಟುಕೊಂಡರೆ ಏನೂ ನಷ್ಟವಿಲ್ಲ, 7.8 ಜಿಬಿ 3.9 ಆಗುತ್ತದೆ. ಸಣ್ಣಗೆ ಏನೋ ಕೇಳಿಸುತ್ತಿದ್ದರೆ ಮಟ್ಟದಲ್ಲಿ ಅಷ್ಟಿಷ್ಟು ವ್ಯತ್ಯಾಸ ಇದೆ ಅಂತ. ಚೆಂಡೆ ಸ್ಪಷ್ಟವಾಗಿ ಉಳಿದರೆ ಅದು ನಿಜವಾದ ಸ್ಟೀರಿಯೋ, ಹಾಗೇ ಬಿಡಿ.

ಎರಡು, ಟ್ರ್ಯಾಕಿನ ಮೆನುವಿನಲ್ಲಿ ಫಾರ್ಮ್ಯಾಟ್ 16 ಬಿಟ್ ಮಾಡಿಕೊಂಡರೆ ಎಲ್ಲವೂ ಅರ್ಧ. ಮಾತೇ ಹೆಚ್ಚಿರುವ ರೆಕಾರ್ಡಿಂಗಿಗೆ 16 ಬಿಟ್ ಸಾಕು.

---

ಮಂದ್ರಸ್ಥಾಯಿ

ಮೋನೋ ಪರೀಕ್ಷೆ ಬಹಳ ಒಳ್ಳೆಯದು. 16 ಬಿಟ್ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ, ಕೆಲಸ ನಡೆಯುತ್ತಿರುವ ಪ್ರಾಜೆಕ್ಟಿನಲ್ಲಂತೂ ಬೇಡವೇ ಬೇಡ.

ಆಡಾಸಿಟಿ ಎಫೆಕ್ಟಿನ ಲೆಕ್ಕಾಚಾರ ಮಾಡುವುದು ಫ್ಲೋಟಿನಲ್ಲೇ. ಟ್ರ್ಯಾಕ್ 16 ಬಿಟ್ ಆಗಿದ್ದರೆ ಪ್ರತಿ ಎಫೆಕ್ಟ್ ಮುಗಿದಾಗ ಮತ್ತೆ 16ಕ್ಕೆ ಇಳಿಸಬೇಕು, ಇಳಿಸುವಾಗ ಡಿದರ್ ಎಂಬ ಸಣ್ಣ ಸದ್ದನ್ನು ಬೆರೆಸುತ್ತದೆ. ನಾಲ್ಕು ಎಫೆಕ್ಟಿಗೆ ನಾಲ್ಕು ಸಲ. ಅರ್ಥಧಾರಿ ಮೆಲುದನಿಯಲ್ಲಿ ಆಡಿದ ಮಾತನ್ನು ಆಮೇಲೆ ಮೇಲಕ್ಕೆತ್ತಿದಾಗ ಅದೂ ಜೊತೆಗೆ ಮೇಲೆ ಬರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಚೆಂಡೆಯದು. ಕಂಪ್ರೆಸರ್ ಆದ ಮೇಲೆ ಮಟ್ಟ ಏರಿಸಿದಾಗ ಚೆಂಡೆಯ ಪೆಟ್ಟು 0 ಡಿಬಿ (ಡಿಜಿಟಲ್ ಧ್ವನಿಯ ಗರಿಷ್ಠ ಮಟ್ಟ) ದಾಟಿತು ಅನ್ನಿ. ಫ್ಲೋಟ್ ಟ್ರ್ಯಾಕಿನಲ್ಲಿ ಅದು ಹಾಗೇ ಉಳಿದಿರುತ್ತದೆ, ಮುಂದಿನ ಹಂತದಲ್ಲಿ ಮಟ್ಟ ಇಳಿಸಿದರೆ ಪೆಟ್ಟು ಪೂರ್ತಿ ಆಕಾರದಲ್ಲಿ ವಾಪಸ್ ಬರುತ್ತದೆ. 16 ಬಿಟ್ ಟ್ರ್ಯಾಕಿನಲ್ಲಿ ತಲೆ ಕತ್ತರಿಸಿ ಹೋಗಿರುತ್ತದೆ, ಮತ್ತೆ ಸಿಗುವುದಿಲ್ಲ. ಜಾಗ ಉಳಿಸಲು ಬೇರೆ ದಾರಿ ಬೇಕಾದಷ್ಟಿವೆ.

48ರಿಂದ 44.1ಕ್ಕೆ ಇಳಿಸುವುದೂ ಬೇಡ. ಜಾಗ ಉಳಿತಾಯವಾಗುವುದು ಶೇಕಡಾ 8 ಮಾತ್ರ, ಅದಕ್ಕಾಗಿ ಪೂರ್ತಿ ಧ್ವನಿಯನ್ನು ಹೊಸದಾಗಿ ಲೆಕ್ಕ ಹಾಕಿಸಬೇಕು. ಧ್ವನಿ ಸಂಗ್ರಹಾಗಾರಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಕೂಡ ಸಂರಕ್ಷಣೆಗೆ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಅನ್ನುತ್ತದೆ. ನಿಮ್ಮ ಮೂಲ ಫೈಲುಗಳು ಆ ಅಳತೆಯಲ್ಲೇ ಇವೆ, ಹಾಗೇ ಉಳಿಯಲಿ.

---

ಸ್ಪೂಲ್‌ಟೇಪ್

ಗಾತ್ರ ಬೆಳೆದ ಮೇಲೆ ಇಳಿಸುವುದಕ್ಕಿಂತ ಬೆಳೆಯದಂತೆ ಕೆಲಸ ಮಾಡುವುದು ಮೇಲು. ಹೊಸ ಧ್ವನಿ ಬರೆಯುವ ಕೆಲಸ ಯಾವುದು, ಬರೆಯದ ಕೆಲಸ ಯಾವುದು ಅಂತ ಗೊತ್ತಿದ್ದರೆ ಸಾಕು.

ಕತ್ತರಿಸುವುದು, ಸ್ಪ್ಲಿಟ್ ಮಾಡುವುದು, ಅದೇ ಪ್ರಾಜೆಕ್ಟಿನೊಳಗೆ ಕಾಪಿ-ಪೇಸ್ಟ್, ಟ್ರ್ಯಾಕಿನ ಎಡಗಡೆಯ ಗೇನ್ ಸ್ಲೈಡರ್, ಎನ್ವಲಪ್ ಟೂಲ್ (ಬೇಕಾದ ಕಡೆ ಮಾತ್ರ ಮಟ್ಟ ಏರಿಳಿಸುವ ಗೆರೆ): ಇವು ಯಾವುವೂ ಹೇಳಿಕೊಳ್ಳುವಷ್ಟು ಜಾಗ ತಿನ್ನುವುದಿಲ್ಲ. ಇರುವ ತುಣುಕುಗಳನ್ನೇ ಹೊಸ ಕ್ರಮದಲ್ಲಿ ತೋರಿಸುತ್ತವೆ. ಪೂರ್ತಿ ಟ್ರ್ಯಾಕಿಗೆ ಮೆನುವಿನಿಂದ ಹಾಕಿದ ಪ್ರತಿಯೊಂದು ಎಫೆಕ್ಟೂ ಒಂದೊಂದು ಪೂರ್ತಿ ಪ್ರತಿ.

ಆದ್ದರಿಂದ ಕ್ರಮ ತಿರುಗಿಸಿ. ಮೊದಲು ಬಿಡುವು, ಮೈಕ್ ಟೆಸ್ಟಿಂಗ್, ಸಭಾ ಕಾರ್ಯಕ್ರಮದ ಭಾಗ ಎಲ್ಲ ತೆಗೆದುಹಾಕಿ. ಮೋನೋ ಮಾಡುವುದಿದ್ದರೆ ಈಗಲೇ. ಸೇವ್, ಕ್ಲೋಸ್, ಮತ್ತೆ ತೆರೆಯಿರಿ. ನಂತರ ನಾಯ್ಸ್ ರಿಡಕ್ಷನ್. ಇದು ಆಡಾಸಿಟಿಯಲ್ಲಿ ರಿಯಲ್ ಟೈಮ್ ಆಗಿ, ಅಂದರೆ ಪ್ಲೇ ಆಗುತ್ತಿರುವಾಗಲೇ, ನಡೆಯುವುದಿಲ್ಲ, ಹಾಗಾಗಿ ಒಂದು ಪ್ರತಿ ಅನಿವಾರ್ಯ. ಸೆಟ್ಟಿಂಗ್ ಹುಡುಕುವಾಗ ಪೂರ್ತಿ ಟ್ರ್ಯಾಕಿಗೆ ಹಾಕಿ ನೋಡಬೇಡಿ. ಒಂದು ನಿಮಿಷಕ್ಕೆ ಹಾಕಿ ಕೇಳಿ, ಅನ್‌ಡೂ ಮಾಡಿ, ಬದಲಿಸಿ. ಕೈಗೆ ಹತ್ತಿದ ಮೇಲೆ ಪೂರ್ತಿಗೆ ಒಂದೇ ಸಲ. ಮುಗಿದ ಕೂಡಲೇ ಮತ್ತೆ ಸೇವ್, ಕ್ಲೋಸ್.

ಕಂಪ್ರೆಸರನ್ನು ಮೆನುವಿನಿಂದ ಹಾಕದೆ ಟ್ರ್ಯಾಕಿನ ಎಫೆಕ್ಟ್ಸ್ ಬಟನ್ ಒತ್ತಿ ಸೇರಿಸಿ. ರಿಯಲ್ ಟೈಮ್ ಎಫೆಕ್ಟ್ 3.2ರಿಂದ ಇದೆ, 3.6ರಲ್ಲಿ ಬಂದ ಹೊಸ ಕಂಪ್ರೆಸರ್, ಲಿಮಿಟರ್ (ಮಟ್ಟ ಒಂದು ಮಿತಿ ದಾಟದಂತೆ ತಡೆಯುವುದು) ಎರಡೂ ಹೀಗೆ ಕೆಲಸ ಮಾಡುತ್ತವೆ. ಪ್ಲೇ ಮಾಡುವಾಗ, ಎಕ್ಸ್‌ಪೋರ್ಟ್ ಮಾಡುವಾಗ ಲೆಕ್ಕ ಹಾಕುತ್ತವೆ, ಡಿಸ್ಕಿನಲ್ಲಿ ಏನೂ ಬರೆಯುವುದಿಲ್ಲ. ಆರು ತಿಂಗಳ ನಂತರ ತೆರೆದರೂ ಥ್ರೆಶೋಲ್ಡ್ (ಕಂಪ್ರೆಸರ್ ಕೆಲಸ ಶುರು ಮಾಡುವ ಮಟ್ಟ) ಬದಲಿಸಬಹುದು, ಇದು ಜಾಗ ಉಳಿಯುವುದಕ್ಕಿಂತ ದೊಡ್ಡ ಲಾಭ. ಯುದ್ಧದ ಪದಗಳಲ್ಲಿ ಚೆಂಡೆ ಏರಿ ಭಾಗವತರ ಧ್ವನಿ ಮುಳುಗುವ ಕಡೆ ಎನ್ವಲಪ್‌ನಿಂದ ಆ ಭಾಗವನ್ನು 3-4 ಡಿಬಿ ಕೆಳಗಿಳಿಸಿ. ಕೈಯಿಂದ ಎಳೆದ ಎನ್ವಲಪ್ ಅಲ್ಲಿ ಕಂಪ್ರೆಸರಿಗಿಂತ ಚೆನ್ನಾಗಿ ಕೇಳುತ್ತದೆ.

ಈ ಕ್ರಮದಲ್ಲಿ ನಿಮ್ಮದೇ ಪ್ರಾಜೆಕ್ಟ್ ಅತಿ ದೊಡ್ಡದಾದಾಗಲೂ 14 ಜಿಬಿಯ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಎಂಪಿ3 ಇಂಪೋರ್ಟ್ ಮಾಡಿದರೆ ಬೆಳವಣಿಗೆ ಇನ್ನೂ ಜಾಸ್ತಿ. 128 ಕೆಬಿಪಿಎಸ್ ಎಂಪಿ3, 44.1 ಕಿಲೋಹರ್ಟ್ಸ್ ಸ್ಟೀರಿಯೋ ಫ್ಲೋಟ್ ಆದಾಗ 22 ಪಟ್ಟಾಗುತ್ತದೆ. ಫೈಲ್ ಕೆಟ್ಟಿದೆ ಎಂದಲ್ಲ, ಬಿಚ್ಚಿಕೊಂಡ ಮೇಲೆ ಅದರ ಅಳತೆಯೇ ಅಷ್ಟು.

---

ಹಿಮ್ಮೇಳ_ಪ್ರಿಯ

ಕ್ಲೋಸ್ ಮಾಡಿದ ಮೇಲೆ 7 ಜಿಬಿಯ ಹತ್ತಿರ ಇಳಿಯಿತು, ಡಬ್ಲ್ಯುಎಎಲ್ ಫೈಲೂ ಹೋಯಿತು. ಲೈನ್ ಅಲ್ಲ, ರೆಕಾರ್ಡರಿನ ಮೈಕ್. ಪರೀಕ್ಷೆಯಲ್ಲಿ ಚೆಂಡೆ, ಮದ್ದಳೆ ಎರಡೂ ಸ್ಪಷ್ಟವಾಗಿ ಕೇಳಿದ್ದರಿಂದ ಸ್ಟೀರಿಯೋ ಹಾಗೇ ಇಟ್ಟಿದ್ದೇನೆ.

ಈಗ ಇನ್ನೊಂದು. ಒಬ್ಬ ಅರ್ಥಧಾರಿಯವರ 20 ನಿಮಿಷದ ಸಂಭಾಷಣೆ ಮಾತ್ರ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಹೊಸ ಪ್ರಾಜೆಕ್ಟಿಗೆ ಪೇಸ್ಟ್ ಮಾಡಿ ಸೇವ್ ಮಾಡಿದರೆ ಅದೂ 7 ಜಿಬಿ ಇದೆ. ಕ್ಲೋಸ್ ಮಾಡಿ ತೆರೆದರೂ ಅಷ್ಟೇ. ಹೀಗೆ ಹತ್ತು ಹನ್ನೆರಡು ತುಂಡು ಮಾಡಬೇಕಿದೆ.

---

ಮಂದ್ರಸ್ಥಾಯಿ

ಪೇಸ್ಟ್ ಮಾಡುವಾಗ ಒಂದು ಪ್ರಶ್ನೆ ಬಂದಿರಬೇಕು: ಸ್ಮಾರ್ಟ್ ಕ್ಲಿಪ್ ಅಥವಾ ಸೆಲೆಕ್ಟೆಡ್ ಆಡಿಯೋ ಓನ್ಲಿ. ಸ್ಮಾರ್ಟ್ ಕ್ಲಿಪ್ ಆರಿಸಿದ್ದೀರಿ, ಅಥವಾ ಮೊದಲೇ ಒಮ್ಮೆ ಆರಿಸಿ ಮತ್ತೆ ಕೇಳಬೇಡ ಅಂದಿದ್ದೀರಿ.

3.1ರಿಂದ ಕ್ಲಿಪ್‌ನ ಅಂಚನ್ನು ಎಳೆದು ಟ್ರಿಮ್ ಮಾಡಿದರೆ ಒಳಗಿನ ಧ್ವನಿ ಹೋಗುವುದಿಲ್ಲ, ಮರೆಯಾಗುತ್ತದೆ ಅಷ್ಟೇ. ಅಂಚನ್ನು ಹೊರಗೆ ಎಳೆದರೆ ಮತ್ತೆ ಕಾಣುತ್ತದೆ. ಇದೇ ಕ್ಲಿಪ್ ಬೇರೆ ಪ್ರಾಜೆಕ್ಟಿಗೆ ಹೋಗುವಾಗ ಮರೆಯಲ್ಲಿರುವುದನ್ನೂ ಕಟ್ಟಿಕೊಂಡು ಹೋಗುತ್ತದೆ. ನಿಮ್ಮ 20 ನಿಮಿಷದ ಕ್ಲಿಪ್‌ನ ಎಡ ಅಥವಾ ಬಲ ಅಂಚನ್ನು ಎಳೆದು ನೋಡಿ, ಉಳಿದ ಗಂಟೆಗಳು ಹೊರಗೆ ಬರುತ್ತವೆ. ಅದು ಉಪಯೋಗದಲ್ಲಿರುವ ಧ್ವನಿ ಎಂದೇ ಲೆಕ್ಕ, ಆದ್ದರಿಂದ ಕಂಪ್ಯಾಕ್ಟ್ ಆದಾಗಲೂ ಹೋಗುವುದಿಲ್ಲ.

ಈಗ ಮಾಡಿರುವ ಪ್ರಾಜೆಕ್ಟಿನಲ್ಲಿ ಟ್ರ್ಯಾಕ್ ಸೆಲೆಕ್ಟ್ ಮಾಡಿ ಟ್ರ್ಯಾಕ್ಸ್ > ಮಿಕ್ಸ್ > ಮಿಕ್ಸ್ ಆ್ಯಂಡ್ ರೆಂಡರ್ ಕೊಡಿ, ಸೇವ್ ಮಾಡಿ ಕ್ಲೋಸ್ ಮಾಡಿ. 445 ಎಂಬಿ ಸುತ್ತಮುತ್ತ ಬರಬೇಕು. ಒಂದು ಎಚ್ಚರ: ರೆಂಡರ್ ಮಾಡಿದಾಗ ರಿಯಲ್ ಟೈಮ್ ಎಫೆಕ್ಟ್, ಎನ್ವಲಪ್ ಎಲ್ಲ ಧ್ವನಿಯಲ್ಲೇ ಬೆರೆತುಹೋಗುತ್ತವೆ. ಅದು ಬೇಡವಾದರೆ ಹೊಸ ಪ್ರಾಜೆಕ್ಟಿಗೆ ಇನ್ನೊಮ್ಮೆ ಪೇಸ್ಟ್ ಮಾಡಿ, ಈ ಸಲ ಸೆಲೆಕ್ಟೆಡ್ ಆಡಿಯೋ ಓನ್ಲಿ. ಪ್ರಶ್ನೆಯೇ ಬರದಿದ್ದರೆ ಪ್ರಿಫರೆನ್ಸಸ್‌ನಲ್ಲಿ ಟ್ರ್ಯಾಕ್‌ಗಳ ನಡವಳಿಕೆಯ ಪುಟದಲ್ಲಿ ಈ ಆಯ್ಕೆಯನ್ನು ಬದಲಿಸಿಕೊಳ್ಳಬಹುದು.

---

ತಂತಿ_ತರಂಗ

ಇಷ್ಟು ಉದ್ದದ ರೆಕಾರ್ಡಿಂಗ್ ಮೇಲಿಂದ ಮೇಲೆ ಬರುತ್ತಿದ್ದರೆ ರೀಪರ್ ಎಂಬ ಇನ್ನೊಂದು ಧ್ವನಿ ಎಡಿಟಿಂಗ್ ಪ್ರೋಗ್ರಾಂ ಕೂಡ ನೋಡಿ. ಅದರ ಪ್ರಾಜೆಕ್ಟ್ ಬರೀ ಪಠ್ಯ ಫೈಲ್, ಕೆಲವು ಕೆಬಿ. ವೇವ್ ಇದ್ದಲ್ಲೇ 24 ಬಿಟ್‌ನಲ್ಲೇ ಇರುತ್ತದೆ, ಎಫೆಕ್ಟ್ ಎಲ್ಲ ರಿಯಲ್ ಟೈಮ್. ತೊಂದರೆ ಏನೆಂದರೆ ವೇವ್ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಪ್ರಾಜೆಕ್ಟಿಗೆ ಅದು ಸಿಗುವುದಿಲ್ಲ; ಸೇವ್ ಆ್ಯಸ್ ಮಾಡುವಾಗ ಮೀಡಿಯಾವನ್ನು ಪ್ರಾಜೆಕ್ಟ್ ಫೋಲ್ಡರಿಗೆ ಕಾಪಿ ಮಾಡುವ ಆಯ್ಕೆಗೆ ಟಿಕ್ ಹಾಕಿ. 60 ದಿನ ಪರೀಕ್ಷೆಗೆ ಉಚಿತ, ಆಮೇಲೆ ರಿಯಾಯಿತಿ ಲೈಸೆನ್ಸ್ 60 ಡಾಲರ್.

---

ಸ್ಪೂಲ್‌ಟೇಪ್

ಹತ್ತು ಹನ್ನೆರಡು ತುಂಡಿಗೆ ಹತ್ತು ಹನ್ನೆರಡು ಪ್ರಾಜೆಕ್ಟ್ ಬೇಕಿಲ್ಲ, ಲೇಬಲ್ ಸಾಕು. ಒಂದು ಸಂಭಾಷಣೆಯ ಮೊದಲಿನಿಂದ ಕೊನೆಯವರೆಗೆ ಸೆಲೆಕ್ಟ್ ಮಾಡಿ ಕಂಟ್ರೋಲ್+ಬಿ ಒತ್ತಿ ಹೆಸರು ಬರೆಯಿರಿ. ಎಲ್ಲ ಆದ ಮೇಲೆ ಎಕ್ಸ್‌ಪೋರ್ಟ್ ಆಡಿಯೋದಲ್ಲಿ ಮಲ್ಟಿಪಲ್ ಫೈಲ್ಸ್ ಆರಿಸಿ, ಲೇಬಲ್ ಪ್ರಕಾರ ಒಡೆಯಲು ಹೇಳಿ. ಪ್ರತಿ ಲೇಬಲ್‌ಗೆ ಅದರದೇ ಹೆಸರಿನ ಫೈಲ್ ಸಿಗುತ್ತದೆ.

ಫಾರ್ಮ್ಯಾಟ್ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸುವ ಫೈಲ್ ಬಗೆ), 24 ಬಿಟ್ ಇರಲಿ. ಧ್ವನಿಯಲ್ಲಿ ಒಂದು ಬಿಟ್ಟೂ ಕಳೆಯುವುದಿಲ್ಲ, ಗಾತ್ರ ವೇವ್‌ನ ಅರ್ಧದಿಂದ ಮೂರನೇ ಎರಡರ ನಡುವೆ ಎಲ್ಲೋ ಬರುತ್ತದೆ. ಆದರೆ ಫ್ಲ್ಯಾಕ್‌ನಲ್ಲಿ ಫ್ಲೋಟ್ ಇಲ್ಲ, 0 ಡಿಬಿ ದಾಟಿದ ಪೆಟ್ಟು ಇಲ್ಲಿ ಕತ್ತರಿಸಿಹೋಗುತ್ತದೆ, ಹಾಗಾಗಿ ಎಕ್ಸ್‌ಪೋರ್ಟಿಗೆ ಮೊದಲು ಲಿಮಿಟರ್ -1 ಡಿಬಿಗೆ ಇಟ್ಟು ಒಮ್ಮೆ ನೋಡಿಕೊಳ್ಳಿ. ಇಡೀ ರಾತ್ರಿಯನ್ನು ಒಂದೇ ವೇವ್ ಆಗಿ ತೆಗೆಯಲು ಹೋಗಬೇಡಿ, ವೇವ್‌ಗೂ 4 ಜಿಬಿ ಮಿತಿ ಇದೆ. ವಾಟ್ಸಾಪಿನಲ್ಲಿ ಹಂಚಲು ಬೇಕಾದ ಎಂಪಿ3ಯನ್ನು ಫ್ಲ್ಯಾಕ್‌ನಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು.

ಶಾಶ್ವತವಾಗಿ ಇಡಬೇಕಾದದ್ದು ರೆಕಾರ್ಡರಿನ ಮೂಲ ಮೂರು ವೇವ್, ಸಿದ್ಧವಾದ ಫ್ಲ್ಯಾಕ್‌ಗಳು, ಲೇಬಲ್‌ಗಳ ಪಠ್ಯ ಫೈಲ್. ಲೇಬಲ್ ಎಕ್ಸ್‌ಪೋರ್ಟ್ ಮಾಡಿದರೆ ಆರಂಭ, ಅಂತ್ಯ ಸೆಕೆಂಡುಗಳಲ್ಲಿ, ಮುಂದೆ ಹೆಸರು, ಕೆಲವೇ ಕೆಬಿ. ಇಲ್ಲಿ ಒಂದು ಸೂಕ್ಷ್ಮ ಇದೆ. ನೀವು 40 ನಿಮಿಷ ಕತ್ತರಿಸಿದ ಮೇಲೆ ಹಾಕಿದ ಲೇಬಲ್‌ಗಳ ಸಮಯ ಮೂಲ ವೇವ್‌ಗೆ ಹೊಂದುವುದಿಲ್ಲ, ಬಿಡುವಿನ ನಂತರದ್ದೆಲ್ಲ 2,400 ಸೆಕೆಂಡ್ ಹಿಂದೆ ಸರಿದಿರುತ್ತದೆ. ಕತ್ತರಿಸಿದ ಜಾಗ ಮತ್ತು ಉದ್ದವನ್ನು ಅದೇ ಪಠ್ಯ ಫೈಲಿನ ಪಕ್ಕದಲ್ಲಿ ಇನ್ನೊಂದು ಫೈಲಿನಲ್ಲಿ ಬರೆದಿಡಿ. ಮುಂದಿನ ರೆಕಾರ್ಡಿಂಗ್‌ಗಳಲ್ಲಿ ಕತ್ತರಿಸುವ ಮೊದಲೇ ಲೇಬಲ್ ಹಾಕಿ ಒಂದು ಪ್ರತಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡರೆ ಈ ಲೆಕ್ಕವೇ ಬೇಡ.

ಮೂಲವನ್ನು ಎರಡು ಬೇರೆ ಡಿಸ್ಕಿನಲ್ಲಿ ಇಟ್ಟು, ಫ್ಲ್ಯಾಕ್‌ಗಳನ್ನು ತೆರೆದು ಕೇಳಿ ನೋಡಿದ ಮೇಲೆ ಆ 7 ಜಿಬಿಯ ಎಯುಪಿ3 ಅಳಿಸಬಹುದು.